ಹೊಟ್ಟಿ ಸಣ್ಣದಾತು, ಸಕ್ರಿ ಎಲ್ಲಿ ಹೋತು?

ಹೋದ ದೀಪಾವಳಿಗೆ ಬೀಳಗಿಗೆ ಹೋಗಿದ್ದೆ. ನಮ್ಮದು ಕೃಷ್ಣಾ-ಘಟಪ್ರಭಾ ನಡುವಿನ ಕಬ್ಬಿನ ಸೀಮೆ, ಸಿಹಿ ಇಲ್ಲದೆ ಹಬ್ಬವಿಲ್ಲ. ದೊಡ್ಡಪ್ಪನ ಮಗಳು, ನನ್ನ ಅಕ್ಕ, ಎರಡೇ ಚಮಚ ಮಾದಲಿ ತಿಂದು ತಾಟು ಸರಿಸಿದಳು. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಆಕೆಗೆ ತೂಕ ಇಳಿಸುವ ಬೈಪಾಸ್ ಸರ್ಜರಿ ಆಗಿತ್ತು. ಊರಿಗೆಲ್ಲ ‘ಪಿತ್ತಕೋಶದ ಕಲ್ಲು’ ಅಂತ ಹೇಳಿದ್ದೆವು.

ದೊಡ್ಡವ್ವ ಮೆಲ್ಲಗೆ ಕೇಳಿದಳು: “ಹೊಟ್ಟಿ ಸಣ್ಣ ಮಾಡಿದ್ರ ತೂಕ ಇಳಿತೈತಿ, ತಿಳೀತು. ಸಕ್ರಿ ಬ್ಯಾನಿ ಹೆಂಗ ಹೋತೋ ತಮ್ಮಾ? ತೂಕ ಇಳಿಯೂಕಿಂತ ಮೊದಲ ಇನ್ಸುಲಿನ್ ಬಿಡಿಸಿದ್ರಲ್ಲ!”

ಇದೇ ಪ್ರಶ್ನೆ ವೈದ್ಯರನ್ನೂ ದಶಕಗಟ್ಟಲೆ ಕಾಡಿದೆ. 1955ರಲ್ಲಿ ಅಮೆರಿಕದ ಕೆಲ ಸರ್ಜನ್ನರು, ಹೊಟ್ಟೆಹುಣ್ಣಿಗೆ ಜಠರದ ಭಾಗ ತೆಗೆಸಿಕೊಂಡ ಮೂವರ ಮಧುಮೇಹ ತಗ್ಗಿದ್ದನ್ನು ಬರೆದಿಟ್ಟರು. ಯಾರೂ ಅಷ್ಟಾಗಿ ಗಮನಿಸಲಿಲ್ಲ. ಅಂಥ ಆಪರೇಷನ್ ಆದವರು ದಪ್ಪಗಾಗುವುದಿಲ್ಲ ಎಂಬುದನ್ನು ಕಂಡ ಅಯೋವಾದ ಎಡ್ವರ್ಡ್ ಮೇಸನ್, 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶುರುಮಾಡಿದರು. ಗುರಿ ತೂಕವಷ್ಟೇ. 1995ರಲ್ಲಿ ವಾಲ್ಟರ್ ಪೋರಿಸ್ ಲೆಕ್ಕ ಕೊಟ್ಟರು: ಬೈಪಾಸ್ ಆದ 146 ಮಧುಮೇಹಿಗಳಲ್ಲಿ 121 ಮಂದಿಯ ಸಕ್ಕರೆ ಸಹಜಕ್ಕೆ ಬಂದಿತ್ತು.

ಗುಟ್ಟು ಕರುಳಿನಲ್ಲಿತ್ತು. ಬೈಪಾಸ್ ಆದಮೇಲೆ ಆಹಾರ ಸಣ್ಣಕರುಳಿನ ಮೊದಲ ಭಾಗವನ್ನು ದಾಟಿ ಬೇಗ ಕೆಳಗೆ ತಲುಪುತ್ತೆ. ಆಗ ಜಿಎಲ್‌ಪಿ-1 ಎಂಬ ಹಾರ್ಮೋನು ಹೆಚ್ಚಿ, ಇನ್ಸುಲಿನ್ ಬಿಡಲು ಮೇದೋಜೀರಕಕ್ಕೆ ಹೇಳುತ್ತೆ. ಮೊದಲ ದಿನಗಳಲ್ಲಿ ಊಟವೂ ತೀರಾ ಕಮ್ಮಿ, ಹಾಗಾಗಿ ಯಕೃತ್ತಿನ ಕೊಬ್ಬೂ ಕರಗುತ್ತೆ. ನಮ್ಮ ಆಫೀಸುಗಳಲ್ಲಿ ಈಗ ಎಲ್ಲರ ಬಾಯಲ್ಲಿರೋ ಓಜೆಂಪಿಕ್ ಅನುಕರಿಸೋದೂ ಇದೇ ಹಾರ್ಮೋನನ್ನು.

ಹಾಗಂತ ಕಾಯಿಲೆ ಊರು ಬಿಟ್ಟು ಹೋಗಿರಲ್ಲ. 1987ರಲ್ಲಿ ಶುರುವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಆಪರೇಷನ್ನಾಗಿ ಎರಡು ವರ್ಷಕ್ಕೆ 72% ಜನರ ಮಧುಮೇಹ ಮರೆಯಾಗಿತ್ತು. ಹತ್ತು ವರ್ಷಕ್ಕೆ ಆ ಪ್ರಮಾಣ 36%ಕ್ಕೆ ಇಳಿಯಿತು. ಕಾಯಿಲೆ ಹಳತಾದಷ್ಟೂ ಅದು ಮರಳುವ ಸಾಧ್ಯತೆ ಹೆಚ್ಚು. ಹೊಟ್ಟೆಯ ಆಮ್ಲ ತಗ್ಗುವುದರಿಂದ ಬಿ12 ಹೀರಿಕೊಳ್ಳುವುದೂ ಕಷ್ಟ. ವಿಟಮಿನ್ನು, ರಕ್ತಪರೀಕ್ಷೆ ಜೀವನಪೂರ್ತಿ ಬೇಕು.

ಅಕ್ಕ ವರ್ಷದೊಳಗೇ ಗುಳಿಗೆ ಬಿಟ್ಟಿದ್ದಳು. “ಸಕ್ರಿ ನಾರ್ಮಲ್ ಐತಲ್ಲ, ಇನ್ಯಾಕ?” ಅಂದಿದ್ದಳು. ಪಾದಗಳಲ್ಲಿ ಜೋಮು ಹಿಡಿದಾಗ ಊರಿನ ಡಾಕ್ಟರಿಗೂ ಪಿತ್ತಕೋಶದ ಕಥೆಯನ್ನೇ ಹೇಳಿದೆವು. ಹಳೇ ಸಕ್ಕರೆ ಕಾಯಿಲೆಯ ನರದ ತೊಂದರೆ ಅಂತ ಅವರು ಔಷಧಿ ಕೊಟ್ಟರು. ಅವರ ತಪ್ಪಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ಬಿ12 ನೋಡಿಸಿದಾಗ ಪಾತಾಳದಲ್ಲಿತ್ತು. ಚುಚ್ಚುಮದ್ದಿನಿಂದ ಜೋಮು ಬಹುಪಾಲು ಇಳಿದಿದೆ, ಪೂರ್ತಿ ಹೋಗಿಲ್ಲ.

“ತಿಂದು ದಪ್ಪಗಾದಳು, ರೊಕ್ಕ ಕೊಟ್ಟು ಸಣ್ಣಗಾದಳು” ಅಂತಾರೆ ಎಂಬ ಅಂಜಿಕೆಗೆ ನಾವು ಸುಳ್ಳು ಹೇಳಿದ್ದೆವು. ಬೆಲೆ ತೆತ್ತಿದ್ದು ಅಕ್ಕನ ಪಾದ. ಈಗ ಆಕೆಯ ಫೈಲಿನ ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿದೆ: ‘ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ.’ ಬರೆದವಳು ಅಕ್ಕನೇ.