ಅಭಾವಪ್ರತಿನಿಧಿ: ನೆತ್ತರಿಗೆ ಬದಲಿಯನ್ನು ಅರಸಿದ ಚರಿತ್ರೆ

ಬೇಕಾದ ಮೂಲಿಕೆ ದೊರೆಯದಾಗ ಅದೇ ಗುಣವುಳ್ಳ ಮತ್ತೊಂದನ್ನು ಬಳಸಬಹುದೆಂದು ನಮ್ಮ ವೈದ್ಯಶಾಸ್ತ್ರವು ಒಪ್ಪುತ್ತದೆ. ಇಂತಹ ಬದಲಿಗೆ ಅಭಾವಪ್ರತಿನಿಧಿದ್ರವ್ಯವೆಂದು ಹೆಸರು. ಆದರೆ ಭಾವಪ್ರಕಾಶವು ಇದಕ್ಕೊಂದು ಮೇರೆಯನ್ನೂ ಹಾಕಿದೆ: ಯೋಗದಲ್ಲಿ ಅಪ್ರಧಾನವಾದುದಕ್ಕೆ ಮಾತ್ರ ಪ್ರತಿನಿಧಿಯು ಸಲ್ಲುವುದು, ಪ್ರಧಾನಕ್ಕೆ ಸಲ್ಲದು. ನೆತ್ತರಿನಲ್ಲಿ ಪ್ರಧಾನವಾವುದು, ಅಪ್ರಧಾನವಾವುದು ಎಂಬ ನಿರ್ಣಯದಲ್ಲಿ ಆಧುನಿಕ ವಿಜ್ಞಾನವು ಬಹುಕಾಲ ತೊಡಕಿಗೆ ಸಿಕ್ಕಿತ್ತು. ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಬದಲಿಯ ಅಗತ್ಯವೆಷ್ಟೆಂಬುದನ್ನು ನಮ್ಮ ನಾಡಿನ ಎರಡು ಸಂಗತಿಗಳಿಂದಲೇ ತಿಳಿಯಬಹುದು. ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಗಳಿಂದ ಕಠಿನವ್ಯಾಧಿಗ್ರಸ್ತರು ತೆರಳುವ ಊರುಗಳಲ್ಲಿ ಮಣಿಪಾಲವು ಮುಖ್ಯವಾದುದು. 1953ರಲ್ಲಿ ಸ್ಥಾಪಿತವಾದ ಅಲ್ಲಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ರೋಗಿಯೊಬ್ಬರಿಗಾಗಿ 80ಕ್ಕೂ ಹೆಚ್ಚು ಚೀಲಗಳ ರಕ್ತವನ್ನು ಪರೀಕ್ಷಿಸಿದರೂ ಒಂದೂ ಹೊಂದಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಅದು ‘ಪಿ ನಲ್’ ಎಂಬ ಅತಿವಿರಳವಾದ ರಕ್ತವೆಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಪ್ರಯೋಗಾಲಯವು ನಿಶ್ಚಯಿಸಿತು. ಕೋಲಾರದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಬಂದ ಮಹಿಳೆಯೊಬ್ಬರಿಗೆ ಬಂಧುಗಳಲ್ಲಿ 20 ಮಂದಿಯ ರಕ್ತವೂ ಕೂಡಲಿಲ್ಲ. ಆ ರಕ್ತದಲ್ಲಿ ಅದುವರೆಗೆ ಯಾರೂ ಅರಿಯದಿದ್ದ ಲಕ್ಷಣವು ಕಂಡುಬಂದುದರಿಂದ ಅದಕ್ಕೆ 2025ರಲ್ಲಿ ‘ಕ್ರಿಬ್’ ಎಂಬ ಹೆಸರನ್ನಿಡಲಾಯಿತು. ಆ ಹೆಸರಿನಲ್ಲಿ ಬೆಂಗಳೂರಿನ ಹೆಸರೂ ಅಡಗಿದೆ. ಈ ಇಬ್ಬರಿಗೂ ರಕ್ತಪೂರಣವಿಲ್ಲದೆಯೇ ಶಸ್ತ್ರಚಿಕಿತ್ಸೆಯನ್ನು ನಡೆಸಬೇಕಾಯಿತು. ವೈದ್ಯರ ಕೌಶಲದಿಂದ ಅದು ಸಾಧ್ಯವಾಯಿತು. ಅಪಘಾತದಲ್ಲಿ ನೆತ್ತರು ಹರಿದುಹೋಗುತ್ತಿರುವವನಿಗೆ ಅಂತಹ ಅವಕಾಶವೆಲ್ಲಿಯದು?

ಈ ಭೇದಗಳೆಲ್ಲವೂ ಕೆಂಪುರಕ್ತಕಣದ ಹೊರಪೊರೆಯ ಮೇಲಿನ ಗುರುತುಗಳಿಂದ ಉಂಟಾದವು. ಆ ಪೊರೆಯೊಳಗಿದ್ದು ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ನಿನಲ್ಲಿ ಇಂತಹ ವರ್ಗಭೇದವಿಲ್ಲ. ಆದಕಾರಣ ಪೊರೆಯನ್ನು ತೊರೆದು ಒಳಗಣ ವಸ್ತುವನ್ನೇ ಕೊಟ್ಟರೆ ಯಾರ ನೆತ್ತರು ಯಾರಿಗೆ ಎಂಬ ಪ್ರಶ್ನೆಯೇ ಉಳಿಯದು ಎಂಬ ಆಲೋಚನೆಯು ಸಹಜವಾಗಿತ್ತು.

1667ರಲ್ಲಿ ಪ್ಯಾರಿಸ್ಸಿನ ಡೆನಿ ಎಂಬ ವೈದ್ಯನು ಕುರಿಮರಿಯ ರಕ್ತವನ್ನು ಮನುಷ್ಯನ ಮೈಗೆ ಸೇರಿಸಿದನು. ಮುಂದೆ ಇದರಿಂದ ವಿವಾದವೆದ್ದು ಈ ಕ್ರಮವೇ ನಿಷಿದ್ಧವಾಯಿತು. ಹಿಮೋಗ್ಲೋಬಿನ್ ಎಂಬ ಹೆಸರನ್ನು 1864ರಲ್ಲಿ ಜರ್ಮನಿಯ ಹೊಪ್ಪೆ-ಸೈಲರ್ ಇಟ್ಟನು. 1901ರಲ್ಲಿ ಲ್ಯಾಂಡ್‌ಸ್ಟೈನರನು ರಕ್ತವರ್ಗಗಳನ್ನು ನಿರೂಪಿಸಿದ ಮೇಲೆ ರಕ್ತಪೂರಣವು ಶಾಸ್ತ್ರಮಾರ್ಗಕ್ಕೆ ಬಂದಿತು. 1934ರಲ್ಲಿ ಅಮೆರಿಕದ ಆಂಬರ್ಸನನು ಸಸ್ತನಿಗಳ ರಕ್ತವನ್ನು ತೆಗೆದು ಲವಣಜಲದಲ್ಲಿ ಕರಗಿಸಿದ ಹಿಮೋಗ್ಲೋಬಿನ್ನನ್ನು ತುಂಬಿ, ಅವು ಕೆಲಕಾಲ ಬದುಕಿರುವುದನ್ನು ತೋರಿಸಿದನು. ಪ್ರಸವಾನಂತರ ವಿಪರೀತ ರಕ್ತಸ್ರಾವಕ್ಕೆ ತುತ್ತಾಗಿದ್ದ ತಾಯಿಯೊಬ್ಬಳಿಗೆ, ಹೊಂದುವ ರಕ್ತವು ಮುಗಿದುಹೋದಾಗ, ಈ ದ್ರವವನ್ನು ಕೊಟ್ಟ ವೃತ್ತಾಂತವನ್ನು ಆತನು 1949ರಲ್ಲಿ ಪ್ರಕಟಿಸಿದನು. ಆಕೆಗೆ ಮೊದಲು ಚೇತರಿಕೆ ಕಂಡಿತು. ಕೆಲವು ದಿನಗಳಲ್ಲಿ ಮೂತ್ರಪಿಂಡಗಳು ಕೆಟ್ಟು ಮರಣ ಸಂಭವಿಸಿತು. ಮುಂದಿನ ಚರಿತ್ರೆಯೆಲ್ಲ ಈ ಒಂದು ಘಟನೆಯಲ್ಲಿ ಬೀಜರೂಪವಾಗಿ ಅಡಗಿದೆಯೆನ್ನಬಹುದು.

ಒಡೆದ ಕಣಗಳ ಚೂರುಗಳೇ ದೋಷಕ್ಕೆ ಕಾರಣವೆಂದು ಎಣಿಸಿ, 1967ರಲ್ಲಿ ರಾಬಿನರನು ಅವುಗಳನ್ನು ನೀಗಿದ ಶುದ್ಧ ದ್ರವವನ್ನು ಸಿದ್ಧಪಡಿಸಿದನು. ಆದರೆ ದೋಷವು ಪೂರ್ತಿಯಾಗಿ ತೊಲಗಲಿಲ್ಲ. ನಾಲ್ಕು ಎಳೆಗಳಿಂದಾದ ಹಿಮೋಗ್ಲೋಬಿನ್ನು ಪೊರೆಯ ಹೊರಗೆ ಬಂದೊಡನೆ ಎರಡೆರಡಾಗಿ ಸೀಳಿ ಮೂತ್ರಪಿಂಡಗಳೊಳಕ್ಕೆ ಸೋರುತ್ತದೆ. ಕಣದೊಳಗೆ ಅದರೊಡನಿರುವ ಒಂದು ರಂಜಕಸಂಯುಕ್ತದ ಸಹಾಯವು ತಪ್ಪಿದುದರಿಂದ, ಹೊತ್ತ ಪ್ರಾಣವಾಯುವನ್ನು ಬೇಕಾದೆಡೆಯಲ್ಲಿ ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ. ಇದಕ್ಕಾಗಿ ರಸಾಯನಜ್ಞರು ಎಳೆಗಳನ್ನು ಒಂದಕ್ಕೊಂದು ಬೆಸೆದರು. ಆಗ ಮತ್ತೊಂದು ತೊಡಕು ಎದುರಾಯಿತು. ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಬಿಡಿ ಹಿಮೋಗ್ಲೋಬಿನ್ನು ಹೀರಿಬಿಡುವುದರಿಂದ ನಾಳಗಳು ಬಿಗಿದು ರಕ್ತದೊತ್ತಡವೇರುವುದು, ಹೃದಯಕ್ಕೂ ಅಪಾಯವುಂಟಾಗುವುದು.

ಇದರ ಪರಿಣಾಮವನ್ನು ಅಂಕೆಗಳೇ ಹೇಳುತ್ತವೆ. ‘ಹೀಮ್‌ಅಸಿಸ್ಟ್’ ಎಂಬ ದ್ರವವನ್ನು ಪಡೆದ 52 ಗಾಯಾಳುಗಳಲ್ಲಿ 24 ಮಂದಿ ತೀರಿಕೊಂಡರು. ಲವಣಜಲವನ್ನು ಪಡೆದ 46 ಮಂದಿಯಲ್ಲಿ ತೀರಿಕೊಂಡವರು 8 ಮಂದಿ. 1998ರಲ್ಲಿ ಆ ಪ್ರಯೋಗವು ನಿಂತಿತು. ‘ಪಾಲಿಹೀಮ್’ ದ್ರವವನ್ನು 2003ರಿಂದ 2006ರವರೆಗೆ ಅಮೆರಿಕದಲ್ಲಿ, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ ಗಾಯಾಳುಗಳ ಮೇಲೆ, ಅವರ ಸಮ್ಮತಿಯಿಲ್ಲದೆಯೇ ಪರೀಕ್ಷಿಸಿದುದು ತೀವ್ರ ಟೀಕೆಗೆ ಗುರಿಯಾಯಿತು. 2009ರಲ್ಲಿ ಅದಕ್ಕೆ ಅನುಮತಿಯು ದೊರೆಯಲಿಲ್ಲ. ಐದು ದ್ರವಗಳ 16 ಪ್ರಯೋಗಗಳನ್ನು, ಅಂದರೆ 3,711 ರೋಗಿಗಳ ವಿವರಗಳನ್ನು, ಒಟ್ಟಾಗಿ ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಲೇಖನವು ಮರಣದ ಸಂಭವವು ಶೇಕಡಾ 30ರಷ್ಟು ಹೆಚ್ಚಿತೆಂದೂ ಹೃದಯಾಘಾತದ ಸಂಭವವು ಸುಮಾರು 2.7 ಪಟ್ಟಾಯಿತೆಂದೂ ತೋರಿಸಿತು. ಆದರೂ ಫಲವು ಕೇವಲ ಶೂನ್ಯವಲ್ಲ: ದನದ ರಕ್ತದಿಂದ ಮಾಡಿದ ಒಂದು ದ್ರವಕ್ಕೆ 1998ರಲ್ಲಿ ಅಮೆರಿಕವು ನಾಯಿಗಳ ಚಿಕಿತ್ಸೆಗೂ, ಅದೇ ಬಗೆಯ ಇನ್ನೊಂದಕ್ಕೆ 2001ರಲ್ಲಿ ದಕ್ಷಿಣ ಆಫ್ರಿಕವು ಮನುಷ್ಯರ ಚಿಕಿತ್ಸೆಗೂ ಸಮ್ಮತಿಯನ್ನು ನೀಡಿದವು.

ಈ ಎಲ್ಲದರಿಂದ ಹೊರಡುವ ತಾತ್ಪರ್ಯವಿಷ್ಟು. ಹಿಮೋಗ್ಲೋಬಿನ್ನೇ ಪ್ರಧಾನ, ಅದನ್ನು ತುಂಬಿಕೊಂಡ ಪೊರೆ ಬರಿಯ ಚೀಲವೆಂದು ಭಾವಿಸಿ ಚೀಲವನ್ನು ಎಸೆಯಲಾಯಿತು. ವರ್ಗಭೇದದ ತೊಡಕನ್ನು ತಂದ ಪೊರೆಯೇ ಒಳಗಣ ವಸ್ತುವಿನ ವಿಷವನ್ನು ತಡೆದು ಅದರ ಗುಣವನ್ನು ಕಾಪಾಡುತ್ತಿತ್ತೆಂಬುದು ಆಮೇಲೆ ಗೊತ್ತಾಯಿತು. ಜಪಾನಿನ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು ಹಿಮೋಗ್ಲೋಬಿನ್ನನ್ನು ಗುರುತುಗಳಿಲ್ಲದ ಕೃತಕ ಮೇದಸ್ಸಿನ ಪೊರೆಯೊಳಗಿಡುವ ಮಾರ್ಗವನ್ನು ಹಿಡಿದಿರುವುದು ಈ ತಿಳಿವಿನ ಫಲವೇ ಸರಿ. ಅದು ಸಿದ್ಧಿಸಿ ಕೈಗೆಟುಕುವ ತನಕ ವಿರಳವರ್ಗದವರ ಪಟ್ಟಿಯನ್ನು ಸಿದ್ಧಪಡಿಸುವುದೂ, ಅವರವರ ರಕ್ತವನ್ನೇ ಮೊದಲು ತೆಗೆದಿರಿಸಿ ಅವರಿಗೇ ಕೊಡುವುದೂ, ರಕ್ತದಾನವನ್ನು ಬೆಳಸುವುದೂ ನಮಗುಳಿದ ದಾರಿಗಳು. ಪ್ರಧಾನಕ್ಕೆ ಪ್ರತಿನಿಧಿಯಿಲ್ಲವೆಂಬ ಹಳೆಯ ಮಾತು ಇಂದಿಗೂ ಸುಳ್ಳಾಗಿಲ್ಲ.