ಜಾಲತಾಣಗಳ ಸುಗಮ್ಯತೆಯ ಇತಿಹಾಸ

ಕಣ್ಣು ಕಾಣದವರು, ಕಿವಿ ಕೇಳದವರು, ಕೈಬೆರಳುಗಳ ಮೇಲೆ ಹಿಡಿತವಿಲ್ಲದವರು, ಓದಿನಲ್ಲಿ ಅಥವಾ ಗ್ರಹಿಕೆಯಲ್ಲಿ ತೊಡಕಿರುವವರು, ಎಲ್ಲರೂ ಬಳಸಬಲ್ಲಂತೆ ಜಾಲತಾಣಗಳನ್ನು ರೂಪಿಸುವುದು ಜಾಲ ಸುಗಮ್ಯತೆ. ಇದಕ್ಕೆ ಬೇಕಾದ ತಾಂತ್ರಿಕ ತಿಳಿವಳಿಕೆ 1990ರ ದಶಕ ಮುಗಿಯುವ ಹೊತ್ತಿಗೇ ಸಿದ್ಧವಾಗಿತ್ತು. ಅದನ್ನು ಪಾಲಿಸಲೇಬೇಕೆಂಬ ಕಾನೂನಿನ ಬಲ ಮಾತ್ರ ಬಹಳ ತಡವಾಗಿ ಬಂತು, ಬಹುಮಟ್ಟಿಗೆ ಅಂಗವಿಕಲರೇ ಹೂಡಿದ ದಾವೆಗಳಿಂದ ಬಂತು.

ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪ್ರಸ್ತಾಪಿಸಿದ ವರ್ಲ್ಡ್ ವೈಡ್ ವೆಬ್ ಮೊದಲಿಗೆ ಬರೀ ಅಕ್ಷರಗಳ ಲೋಕವಾಗಿತ್ತು. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಗಳು ಆಗಲೇ ಇದ್ದವು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡಿದ್ದ ಅಮೆರಿಕದ ಟೆಡ್ ಹೆಂಟರ್ ಅವರ ‘ಜಾಸ್’ ಬಂದದ್ದೂ 1989ರಲ್ಲೇ. ಹಾಗಾಗಿ ಆರಂಭದ ಪುಟಗಳು ಅಂಧರಿಗೆ ಬಹಳಷ್ಟು ಅನುಕೂಲವಾಗಿದ್ದವು. 1993ರಲ್ಲಿ ಬಂದ ಮೊಸಾಯಿಕ್ ಬ್ರೌಸರ್ ಬರಹದ ನಡುವೆಯೇ ಚಿತ್ರ ತೋರಿಸತೊಡಗಿದ ಮೇಲೆ ವಿನ್ಯಾಸಕಾರರು ಶೀರ್ಷಿಕೆ, ಗುಂಡಿ, ಕೊಂಡಿ ಎಲ್ಲವನ್ನೂ ಚಿತ್ರಗಳಾಗಿ ಮಾಡತೊಡಗಿದರು. ಚಿತ್ರದೊಳಗಿನ ಅಕ್ಷರ ಸ್ಕ್ರೀನ್ ರೀಡರ್‌ಗೆ ಅಕ್ಷರವೇ ಅಲ್ಲ. ತೆರೆದಿದ್ದ ಬಾಗಿಲು ಕೆಲವೇ ವರ್ಷಗಳಲ್ಲಿ ಮುಚ್ಚಿತು.

ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟ 1997ರಲ್ಲಿ ಸುಗಮ್ಯತೆಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 4.0 ಆವೃತ್ತಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊರಬಂದು, ಪ್ರತಿ ಚಿತ್ರಕ್ಕೂ ಅದರ ಬದಲಿಗೆ ಓದಬಹುದಾದ ಪರ್ಯಾಯ ಪಠ್ಯ ಇರಲೇಬೇಕೆಂದು ವಿಧಿಸಿತು. 1999ರ ಮೇ 5ರಂದು ‘ಡಬ್ಲ್ಯುಸಿಎಜಿ 1.0’ ಮಾರ್ಗಸೂಚಿ ಪ್ರಕಟವಾಯಿತು. ಅದರಲ್ಲಿ 14 ಸೂತ್ರಗಳೂ ಅವುಗಳಡಿ 65 ತಪಾಸಣಾ ಅಂಶಗಳೂ ಇದ್ದವು. ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಪುಟವಿಡೀ ಓಡಾಡುವಂತಿರುವುದು, ಅರ್ಜಿಯ ಪ್ರತಿ ಖಾನೆಗೂ ಅದು ಯಾವುದೆಂದು ತಿಳಿಸುವ ಹೆಸರಿರುವುದು, ವಿಡಿಯೊದ ಮಾತು ಕೆಳಗೆ ಬರಹವಾಗಿ ಮೂಡುವುದು, ಅಕ್ಷರದ ಬಣ್ಣ ಹಿನ್ನೆಲೆಯಿಂದ ಎದ್ದುಕಾಣುವುದು: ಇಂದಿಗೂ ಸುಗಮ್ಯತೆಯ ತಿರುಳು ಇಂಥ ಸರಳ ಅಗತ್ಯಗಳೇ. ಪುಟ ಕಟ್ಟುವಾಗಲೇ ಮಾಡಿದರೆ ಇದರ ಖರ್ಚು ಅಲ್ಪ. ಕಟ್ಟಿ ಮುಗಿದ ಮೇಲೆ ಒಡೆದು ಸರಿಪಡಿಸುವುದೇ ದುಬಾರಿ.

ಖರ್ಚಿನ ಈ ಮಾತು ನ್ಯಾಯಪೀಠದ ಮುಂದೆ ಮೊದಲು ಪರೀಕ್ಷೆಗೆ ಒಳಗಾದದ್ದು ಆಸ್ಟ್ರೇಲಿಯದಲ್ಲಿ. 2000ದ ಸಿಡ್ನಿ ಒಲಿಂಪಿಕ್ಸ್‌ನ ಜಾಲತಾಣವನ್ನು ತಾವು ಬಳಸಲಾಗುತ್ತಿಲ್ಲವೆಂದು ಅಂಧರಾದ ಬ್ರೂಸ್ ಮ್ಯಾಗ್ವೈರ್ 1999ರಲ್ಲಿ ಅಲ್ಲಿನ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಚಿತ್ರಗಳಿಗೆ ಪರ್ಯಾಯ ಪಠ್ಯ ಹಾಕಿ, ಕ್ರೀಡೆಗಳ ಪಟ್ಟಿಯನ್ನೂ ಫಲಿತಾಂಶದ ಕೋಷ್ಟಕಗಳನ್ನೂ ಓದಲು ಬರುವಂತೆ ಮಾಡಿ ಎಂಬುದಷ್ಟೇ ಅವರ ಬೇಡಿಕೆ. ಅದಕ್ಕೆ ಒಬ್ಬನ ಕೆಲಸವಾಗಿ 368 ದಿನ ಬೇಕಾಗುತ್ತದೆಂದು ಸಂಘಟನಾ ಸಮಿತಿ ವಾದಿಸಿತು. ತಜ್ಞರು ಈ ಲೆಕ್ಕವನ್ನು ಅಲ್ಲಗಳೆದರು, ಆಯೋಗವೂ ಒಪ್ಪಲಿಲ್ಲ. ಕ್ರೀಡಾಕೂಟಕ್ಕೆ ಮುನ್ನ ತಾಣವನ್ನು ಸರಿಪಡಿಸಬೇಕೆಂದು 2000ದ ಆಗಸ್ಟ್‌ನಲ್ಲಿ ಆದೇಶಿಸಿತು. ಆದೇಶ ಪೂರ್ತಿಯಾಗಿ ಪಾಲನೆಯಾಗದ್ದರಿಂದ ನವೆಂಬರ್‌ನಲ್ಲಿ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ವಿಧಿಸಿತು. ಮೊತ್ತ ದೊಡ್ಡದಲ್ಲ. ಆದರೆ ಜಾಲತಾಣದ ದೋಷವೂ ತಾರತಮ್ಯವೇ ಎಂಬ ತೀರ್ಮಾನ ಮಹತ್ವದ್ದಾಗಿತ್ತು.

ಅಮೆರಿಕದಲ್ಲಿ 1998ರ ತಿದ್ದುಪಡಿಯ ಮೂಲಕ ಬಲಗೊಂಡ ಪುನರ್ವಸತಿ ಕಾಯ್ದೆಯ 508ನೇ ಸೆಕ್ಷನ್ ಒಕ್ಕೂಟ ಸರ್ಕಾರದ ತಾಣಗಳಿಗಷ್ಟೇ ಅನ್ವಯಿಸಿತು. ಖಾಸಗಿ ತಾಣಗಳ ಪ್ರಶ್ನೆ ತೊಡಕಿನದಾಗಿತ್ತು. 1990ರ ಅಂಗವಿಕಲರ ಕಾಯ್ದೆ ಅಂಗಡಿ, ಹೋಟೆಲುಗಳಂಥ ಸ್ಥಳಗಳ ಬಗ್ಗೆ ಹೇಳುತ್ತದೆ, ಆಗ ಹುಟ್ಟಿರದ ಜಾಲತಾಣಗಳ ಬಗ್ಗೆ ಹೇಳುವುದಿಲ್ಲ. ರಾಷ್ಟ್ರೀಯ ಅಂಧರ ಒಕ್ಕೂಟ 2006ರಲ್ಲಿ ಟಾರ್ಗೆಟ್ ಮಳಿಗೆಗಳ ಮೇಲೆ ದಾವೆ ಹೂಡಿದಾಗ, ಅಂಗಡಿಯ ಸೇವೆಗೆ ಹೊಂದಿಕೊಂಡ ತಾಣಕ್ಕೂ ಕಾಯ್ದೆ ಅನ್ವಯಿಸುತ್ತದೆಂದು ಕ್ಯಾಲಿಫೋರ್ನಿಯದ ಒಕ್ಕೂಟ ನ್ಯಾಯಾಲಯ ಹೇಳಿತು. 2008ರಲ್ಲಿ ಆ ಕಂಪನಿ 60 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಡಾಮಿನೋಸ್ ಪಿಜ್ಜಾ ವಿರುದ್ಧ ಅಂಧ ಗ್ರಾಹಕರೊಬ್ಬರು ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಇದೇ ಹಾದಿ ಹಿಡಿಯಿತು. ಕಂಪನಿಯ ಅರ್ಜಿಯನ್ನು ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಈ ನಡುವೆ ಡಬ್ಲ್ಯುಸಿಎಜಿ ಮಾರ್ಗಸೂಚಿಯೂ ಬೆಳೆಯಿತು. 2008ರ ಡಿಸೆಂಬರ್ 11ರಂದು ಬಂದ 2.0 ಆವೃತ್ತಿ ಯಾವುದೋ ಒಂದು ತಂತ್ರಜ್ಞಾನಕ್ಕೆ ಅಂಟಿಕೊಳ್ಳದೆ ನಾಲ್ಕು ತತ್ವಗಳ ಮೇಲೆ ನಿಂತಿತು: ವಿಷಯ ಗ್ರಹಿಸಲು ಸಿಗಬೇಕು, ತಾಣವನ್ನು ನಡೆಸಲು ಬರಬೇಕು, ಅದು ಅರ್ಥವಾಗಬೇಕು, ಬೇರೆ ಬೇರೆ ಸಾಧನಗಳಲ್ಲಿ ದೃಢವಾಗಿ ಕೆಲಸ ಮಾಡಬೇಕು. ಪಾಲನೆಗೆ ಎ, ಎಎ, ಎಎಎ ಎಂಬ ಮೂರು ಮಟ್ಟಗಳಿವೆ. ಕಾನೂನುಗಳು ಸಾಮಾನ್ಯವಾಗಿ ಕೇಳುವುದು ನಡುವಿನದನ್ನು. ಮೊಬೈಲ್ ಬಳಕೆಯನ್ನೂ ಗಮನಿಸಿದ 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರಲ್ಲಿ ಬಂದವು. ಯುರೋಪಿಯನ್ ಒಕ್ಕೂಟ 2016ರ ನಿರ್ದೇಶನದಿಂದ ಸರ್ಕಾರಿ ತಾಣಗಳನ್ನೂ, 2025ರ ಜೂನ್ 28ರಿಂದ ಜಾರಿಯಾದ ಕಾಯ್ದೆಯಿಂದ ಬ್ಯಾಂಕಿಂಗ್, ಆನ್‌ಲೈನ್ ಮಾರಾಟದಂಥ ಖಾಸಗಿ ಸೇವೆಗಳನ್ನೂ ಕಟ್ಟುಪಾಡಿಗೆ ಒಳಪಡಿಸಿತು. ಇಷ್ಟಾದರೂ ವೆಬ್‌ಏಮ್ ಸಂಸ್ಥೆ ಹತ್ತು ಲಕ್ಷ ಪ್ರಮುಖ ತಾಣಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ 2019ರಲ್ಲಿ ಶೇಕಡಾ 97.8, 2025ರಲ್ಲಿ ಶೇಕಡಾ 94.8 ಪುಟಗಳಲ್ಲಿ ದೋಷ ಕಂಡಿತು.

ಭಾರತ 2007ರಲ್ಲಿ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. 2009ರಲ್ಲಿ ಸರ್ಕಾರಿ ಜಾಲತಾಣಗಳಿಗೆ ‘ಜಿಐಜಿಡಬ್ಲ್ಯು’ ಮಾರ್ಗಸೂಚಿ ಬಂತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರಿ ಸೇವೆಗಳ ಜೊತೆಗೆ ಖಾಸಗಿ ಸೇವಾದಾರರನ್ನೂ ಹೊಣೆಗಾರರನ್ನಾಗಿಸಿತು. ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಕಾಯ್ದೆಯಡಿ ರಚಿಸಿದ 15ನೇ ನಿಯಮ ಕೈತೋರಿಸಿದ್ದು ಮಾರ್ಗಸೂಚಿಗಳ ಕಡೆಗೆ. ಕಡ್ಡಾಯವೆಂದು ಕಾಯ್ದೆ ಹೇಳಿದ್ದು ನಿಯಮದಲ್ಲಿ ಸಲಹೆಯ ಮಟ್ಟಕ್ಕಿಳಿಯಿತು. ರಾಜೀವ್ ರತೂರಿ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಈ ವಿರೋಧಾಭಾಸವನ್ನೇ ಹಿಡಿದು ಆ ನಿಯಮದ ಮೊದಲ ಉಪನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ಘೋಷಿಸಿತು, ಕಡ್ಡಾಯ ಮಾನಕಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು.

ಮುಂದಿನ ತೀರ್ಪಿಗೆ ಬೆಂಗಳೂರಿನ ನಂಟಿದೆ. ಆಸಿಡ್ ದಾಳಿಗೆ ತುತ್ತಾಗಿ ಬದುಕುಳಿದು, ಈ ನಗರದಲ್ಲಿ ಅತಿಜೀವನ್ ಫೌಂಡೇಶನ್ ಕಟ್ಟಿದ ಪ್ರಜ್ಞಾ ಪ್ರಸೂನ್ ಮತ್ತಿತರರು ಸುಪ್ರೀಂ ಕೋರ್ಟಿನ ಮೊರೆಹೋದರು. ಗ್ರಾಹಕರ ಗುರುತು ಖಚಿತಪಡಿಸುವ ಬ್ಯಾಂಕಿನ ಡಿಜಿಟಲ್ ಕೆವೈಸಿ ವ್ಯವಸ್ಥೆ ‘ಕಣ್ಣು ಮಿಟುಕಿಸಿ’ ಎನ್ನುತ್ತಿತ್ತು. ಸುಟ್ಟ ರೆಪ್ಪೆಗಳನ್ನು ಮಿಟುಕಿಸಲಾಗದವರು ಜೀವಂತ ಇದ್ದಾರೆಂದೇ ಅದು ಒಪ್ಪುತ್ತಿರಲಿಲ್ಲ. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಡಿಜಿಟಲ್ ಸೇವೆಗಳ ಲಭ್ಯತೆಯೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತು 20 ನಿರ್ದೇಶನಗಳನ್ನು ನೀಡಿದರು. ಮೂರು ತಿಂಗಳ ಬಳಿಕ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ತನ್ನ ನಿಯಂತ್ರಣದ ಸಂಸ್ಥೆಗಳಿಗೆಲ್ಲ ಸುಗಮ್ಯತೆಯ ಸುತ್ತೋಲೆ ಹೊರಡಿಸಿತು.

ಕನ್ನಡದ ಓದುಗರಿಗೆ ಈ ಮಾನಕಗಳ ಪಾಲನೆಯ ಕೊರತೆಯ ಜೊತೆಗೆ ಇನ್ನೊಂದು ಅಡ್ಡಿಯಿದೆ. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೂ ಕಚೇರಿಗಳಲ್ಲೂ ಮುದ್ರಣಾಲಯಗಳಲ್ಲೂ ಬಹುಕಾಲ ಹಳೆಯ ‘ನುಡಿ’ ತಂತ್ರಾಂಶದ ಮಾದರಿಯ ಫಾಂಟ್‌ಗಳೇ ಉಳಿದವು. ಅವುಗಳಲ್ಲಿ ಬೆರಳಚ್ಚಾದ ಆದೇಶ ಕಣ್ಣಿಗೆ ಅಚ್ಚ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಸ್ಕ್ಯಾನ್ ಮಾಡಿ ಏರಿಸಿದ ಪಿಡಿಎಫ್ ಆದರೆ ಏನನ್ನೂ ಓದುವುದಿಲ್ಲ. ಯುನಿಕೋಡ್ ಪಠ್ಯವಿದ್ದರೆ, ಮೈಕಲ್ ಕರನ್ 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭಿಸಿದ ಉಚಿತ ಎನ್‌ವಿಡಿಎ ತಂತ್ರಾಂಶವೂ ಇ-ಸ್ಪೀಕ್ ಧ್ವನಿಯೂ ಕೂಡಿ ಕನ್ನಡವನ್ನು ಓದಿ ಹೇಳುತ್ತವೆ. ಚಿತ್ರವಾಗಿ ಉಳಿದ ಮುದ್ರಿತ ಪುಟಗಳಿಂದ ಅಕ್ಷರ ಹೆಕ್ಕಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿಜ್ಞಾನಿ’ಯನ್ನು ರೂಪಿಸಿದೆ.