ಮೀನಾಗೆ ರೂಪ ಕೊಟ್ಟವರು

ತಮ್ಮ ರಾಜುವಿಗೆ ಮಾವಿನಹಣ್ಣಿನ ದೊಡ್ಡ ಹೋಳು, ಮೀನಾಗೆ ಚಿಕ್ಕದು. ಒಂದು ದಿನ ಇಬ್ಬರೂ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ರಾಜು ಸುಸ್ತು! ಯುನಿಸೆಫ್‌ನ ಈ ಕಾರ್ಟೂನ್ ಹುಡುಗಿ ನಮ್ಮಲ್ಲಿ ಹಲವರಿಗೆ ಗೊತ್ತು. ಆಕೆಯನ್ನು ಚಿತ್ರಿಸಿದ ರಾಮ್ ಮೋಹನ್ ಗೊತ್ತಿರುವುದು ಕೆಲವರಿಗೆ.

1956ರಲ್ಲಿ ಅವರು ಮುಂಬೈನಲ್ಲಿ ಸರ್ಕಾರದ ಫಿಲ್ಮ್ಸ್ ಡಿವಿಜನ್ ಸೇರಿದರು. ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಅಲ್ಲಿ ಕೆಲಸ ಕಲಿಸಿದರು. ಆಗ ಕಂಪ್ಯೂಟರ್ ಇಲ್ಲ. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಅದಕ್ಕೆ ಬೇಕಾದ ಚಿತ್ರವೆಲ್ಲ ಕೈಯಲ್ಲೇ ಬರೆಯಬೇಕು. ಓದು ಬಾರದವರಿಗೂ ವಿಷಯ ಮುಟ್ಟಬೇಕು.

1972ರಲ್ಲಿ ಸ್ವಂತ ಸಂಸ್ಥೆ ಕಟ್ಟಿ ನಿರ್ಮಾಪಕರಾದರು. 1990ರ ದಶಕದಲ್ಲಿ ಮೀನಾ ದಕ್ಷಿಣ ಏಷ್ಯಾದ ಹಳ್ಳಿಗಳಿಗೆ ಬಂದಳು. 2014ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು, 2019ರಲ್ಲಿ ತೀರಿಕೊಂಡರು.

ಹೆಣ್ಣುಮಕ್ಕಳಿಗೆ ಕೊನೆಯಲ್ಲಿ ಬಡಿಸುವ ಮನೆಗಳು ನಮ್ಮೂರುಗಳಲ್ಲಿ ಇನ್ನೂ ಇವೆ. ಮೀನಾ ಕಥೆಯನ್ನು ಮಕ್ಕಳ ಜೊತೆ ಕೂತು ನೋಡಿ.